ಕಕ್ಕಡದ ಮಳೆ, ಕೈಲ್‌ಪೊಳ್ದಿನ ಮೀನು: ಕೊಡಗಿನಲ್ಲಿ ಸೊಪ್ಪು, ಅಣಬೆ, ಕಳಲೆ, ಏಡಿ, ಮೀನು ತರುವವರಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಅಡುಗೆಮನೆಗೆ ಬೇಕಾದ್ದರಲ್ಲಿ ಅರ್ಧ ಮನೆಯ ಸುತ್ತಲೇ ಸಿಗುತ್ತದೆ. ತೋಡಿನ ಅಂಚಿನಲ್ಲಿ ತೆರ್ಮೆ ತೊಪ್ಪು ಎಂಬ ಜರಿಗಿಡದ ಸುರುಳಿ, ಹುತ್ತದ ಬದಿಯಲ್ಲಿ ಕುಮ್ಮು ಎಂಬ ಅಣಬೆ, ಬಿದಿರ ಮೆಳೆಯಲ್ಲಿ ಕಳಲೆ, ಗದ್ದೆ ಬದುವಿನಲ್ಲಿ ಏಡಿ, ತೋಡು ಹೊಳೆಗೆ ಸೇರುವಲ್ಲಿ ಮೀನು. ಇವು ಒಟ್ಟಿಗೆ ಬರುವುದಿಲ್ಲ. ಒಂದೊಂದಕ್ಕೂ ಅದರದೇ ಮಳೆ, ಅದರದೇ ವಾರ. ಹಿರಿಯರ ಜೊತೆ ಗದ್ದೆ ಸುತ್ತಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಓದು, ಕೆಲಸ ಅಂತ ಊರು ಬಿಟ್ಟು ಈಗ ಮಳೆಗಾಲಕ್ಕೆ ಮರಳುವವರಿಗೆ, ಇಲ್ಲೇ ಜಾಗ ಮಾಡಿ ಹೊಸದಾಗಿ ನೆಲೆಸಿದವರಿಗೆ ಈ ಬರಹ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಹೆಚ್ಚಿನವರು ಮಳೆಗಾಲದ ಆಹಾರ ಎಂದರೆ ಮೊದಲು ಮೀನಿಗೆ ಓಡುತ್ತಾರೆ. ಈ ಬರಹದಲ್ಲಿ ಮೀನು ಕೊನೆಗೆ ಬರುತ್ತದೆ. ಮೃಗಶಿರ, ಆರಿದ್ರ ಮಳೆಗೆ ತೋಡಿನಲ್ಲಿ ಮೇಲಕ್ಕೆ ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಅದನ್ನು ಹತ್ತಲು ಬಿಟ್ಟರೆ ಸೆಪ್ಟೆಂಬರಿನಲ್ಲಿ ನಮಗೂ ಮೀನು ಉಂಟು, ಮುಂದಿನ ವರ್ಷಕ್ಕೂ ಉಂಟು. ತಡೆದು ಹಿಡಿದರೆ ಎರಡೂ ಇಲ್ಲ.

ಎಲ್ಲಿಂದ ತರಬಹುದು, ಎಲ್ಲಿಂದ ಬಾರದು

ನಿಮ್ಮದೇ ಗದ್ದೆ, ತೋಟ, ಬಾಣೆ (ಗದ್ದೆಗೆ ಸೇರಿದ ಮರಗಾಡು) ಇದ್ದರೆ ಅಲ್ಲಿಂದ ಶುರು ಮಾಡಿ. ಪಕ್ಕದವರ ಜಾಗವಾದರೆ ಕೇಳಿ ಹೋಗಿ, ಸಿಕ್ಕಿದ್ದರಲ್ಲಿ ಒಂದು ಪಾಲು ಅವರ ಮನೆಗೂ ಕೊಟ್ಟು ಬನ್ನಿ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿಧಾಮಗಳಿಂದ ಏನನ್ನೂ ತರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿನ ಕಳಲೆಗೂ ಮೀನಿಗೂ ಅನ್ವಯಿಸುತ್ತದೆ. ಹಾಡಿಗಳಲ್ಲಿರುವ ಜೇನುಕುರುಬ, ಬೆಟ್ಟಕುರುಬ, ಯರವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕಿದೆ. ಆ ಹಕ್ಕು ಅವರದು, ಅವರ ಹೆಸರಿನಲ್ಲಿ ನಾವು ನುಗ್ಗುವುದು ತಪ್ಪು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಯದನ್ನೂ ಮುಟ್ಟಬೇಡಿ.

ಹಾರಂಗಿ, ಚಿಕ್ಲಿಹೊಳೆಯಂಥ ಜಲಾಶಯಗಳಲ್ಲಿ, ಕಾವೇರಿಯಲ್ಲಿ ಮೀನು ಹಿಡಿಯುವುದಾದರೆ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ. ಪರವಾನಗಿ ಬೇಕೇ, ಮೀನು ಮೊಟ್ಟೆ ಇಡುವ ಕಾಲದಲ್ಲಿ ಆ ಜಾಗದಲ್ಲಿ ಹಿಡಿಯಲು ಬಿಡುತ್ತಾರೆಯೇ ಎಂಬುದನ್ನು ಕೇಳಿಕೊಂಡು ಮುಂದಿನ ಮಾತು.

ಜಾಗ ನೋಡುವಾಗ ಇನ್ನೊಂದು ವಿಷಯಕ್ಕೆ ಹೆಚ್ಚು ಗಮನ ಕೊಡಿ ಎನ್ನುತ್ತೇನೆ. ಭತ್ತದ ಗದ್ದೆಗಳನ್ನು ಶುಂಠಿಗೆ ಗುತ್ತಿಗೆ ಕೊಡುವುದು ಹೆಚ್ಚಾಗಿದೆ, ಶುಂಠಿಗೆ ಹೊಡೆಯುವ ಔಷಧಿಯೂ ಹೆಚ್ಚು. ಮೇಲಿನ ಗದ್ದೆಯಲ್ಲಿ ಶುಂಠಿ ಇದ್ದರೆ ಅದರ ನೀರು ಇಳಿದು ಬರುವ ತೋಡಿನ ಏಡಿ, ಸೊಪ್ಪು ಯಾವುದೂ ಬೇಡ. ಕಳೆನಾಶಕ ಹೊಡೆದ ಕಾಫಿ ತೋಟದ ಸೊಪ್ಪು, ಅಣಬೆಯೂ ಬೇಡ. ಯಾವಾಗ ಏನು ಹೊಡೆದಿದ್ದಾರೆಂದು ತೋಟದ ಲೆಕ್ಕ ನೋಡುವ ರೈಟರನ್ನು ಕೇಳಿದರೆ ಹೇಳುತ್ತಾರೆ.

ಹೊರಡುವ ಮೊದಲು

ಗಂಬೂಟು, ಉದ್ದ ತೋಳಿನ ಅಂಗಿ, ಒಂದು ಸಣ್ಣ ಕತ್ತಿ, ಬೆತ್ತದ ಅಥವಾ ಬಿದಿರಿನ ಬುಟ್ಟಿ, ಕೈಯಲ್ಲೊಂದು ಕೋಲು. ಸೊಪ್ಪು, ಅಣಬೆಗಳು ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೆಡುತ್ತವೆ. ಜಿಗಣೆಗೆ ಉಪ್ಪು ಅಥವಾ ಸುಣ್ಣದ ಚಿಕ್ಕ ಗಂಟು ಕಟ್ಟಿಕೊಂಡರೆ ಸಾಕು. ಕಾಲಿನಲ್ಲಿ ಗಾಯವಿದ್ದರೆ ಗದ್ದೆಯ ನಿಂತ ನೀರಿಗೆ ಇಳಿಯಬೇಡಿ, ಇಲಿ ಜ್ವರ ಬರುವ ದಾರಿ ಅದು.

ಆನೆಯ ವಿಷಯದಲ್ಲಿ ಧೈರ್ಯ ಬೇಡ. ಬೆಳಕು ಹರಿಯುವ ಮೊದಲು, ಸಂಜೆ ಐದರ ಮೇಲೆ ತೋಟದೊಳಗೆ ಹೋಗಬೇಡಿ. ಹೊರಡುವ ಮುಂಚೆ ತೋಟದ ಲೈನ್‌ಮನೆಗಳಲ್ಲಿರುವ ಕೆಲಸಗಾರರನ್ನು ಕೇಳಿ. ರಾತ್ರಿ ಆನೆ ಯಾವ ಕಡೆ ದಾಟಿತೆಂದು ಅವರಿಗೆ ಗೊತ್ತಿರುತ್ತದೆ. ಹಸಿ ಲದ್ದಿ, ಆಗಷ್ಟೇ ಮುರಿದ ಬೈನೆ ಮರ ಕಂಡರೆ ಅಲ್ಲಿಂದಲೇ ಹಿಂದಿರುಗಿ.

ಹೊಳೆಯನ್ನಂತೂ ನಂಬಲೇಬಾರದು. ನೀವು ನಿಂತಲ್ಲಿ ಬಿಸಿಲಿರಬಹುದು, ಭಾಗಮಂಡಲದ ಮೇಲೆ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಕೆಳಗೆ ಬಂದುಬಿಡುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಹೇಗೆ ಜರಿದವೆಂದು ಈ ಜಿಲ್ಲೆ ನೋಡಿದೆ. ಮಳೆ ಬಿಡದೆ ಹಿಡಿದ ದಿನ ಕಡಿದಾದ ಬರೆಯ ಕೆಳಗೆ ಯಾವ ಸೊಪ್ಪೂ ಹುಡುಕಬೇಡಿ.

ಜೂನ್: ತೆರ್ಮೆ ತೊಪ್ಪು

ಮಳೆ ಶುರುವಾಗಿ ಹತ್ತು ಹದಿನೈದು ದಿನಕ್ಕೆ ತೋಡಿನ ಬದಿಯ ಜರಿಗಿಡಗಳು ಸುರುಳಿ ಬಿಡುತ್ತವೆ. ಸುರುಳಿ ಬಿಗಿಯಾಗಿ ಸುತ್ತಿರಬೇಕು, ದಂಟು ಬಾಗಿಸಿದರೆ ಪಟ್ಟನೆ ಮುರಿಯಬೇಕು. ಬಾಗಿ ನಾರು ಬಂದರೆ ಬಲಿತಿದೆ ಎಂದರ್ಥ. ಒಂದು ಬುಡದಲ್ಲಿ ಎರಡು ಮೂರು ಸುರುಳಿ ಕಿತ್ತು ಉಳಿದದ್ದನ್ನು ಬಿಡಿ, ಎಲ್ಲವನ್ನೂ ಕಿತ್ತರೆ ಬುಡ ಸೊರಗುತ್ತದೆ.

ಎಲ್ಲ ಜರಿಗಿಡವೂ ತಿನ್ನುವಂಥದ್ದಲ್ಲ. ನಮಗೆ ಬೇಕಾದದ್ದು ನೀರಿನ ಪಸೆ ಇರುವಲ್ಲಿ, ನೆರಳಿನಲ್ಲಿ, ಗುಂಪಾಗಿ ಬೆಳೆಯುತ್ತದೆ. ಬುಡದಲ್ಲಷ್ಟೇ ಕಂದು ಹೊಟ್ಟು ಇರುತ್ತದೆ. ಒಣ ಗುಡ್ಡದ ಬಯಲಿನಲ್ಲಿ ಒಂಟೊಂಟಿಯಾಗಿ ಎದ್ದು, ಮೂರು ಕವಲಾಗಿ ಬಿಚ್ಚಿಕೊಳ್ಳುವ, ಮೈಯೆಲ್ಲ ರೋಮವಿರುವ ಜಾತಿ ಬೇಡ. ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಅಂಶವಿದೆ. ತೆರ್ಮೆಯನ್ನೂ ಹಸಿಯಾಗಿ ತಿನ್ನಬಾರದು. ಹೊಟ್ಟು ಉಜ್ಜಿ ತೊಳೆದು, ಎರಡು ಬೆರಳಗಲ ಹೆಚ್ಚಿ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಚೆನ್ನಾಗಿ ಬೇಯಿಸಿ. ಅಕ್ಕಿ ಒತ್ತಿಗೆ, ಅಂದರೆ ಅಕ್ಕಿ ರೊಟ್ಟಿಗೆ, ಇದಕ್ಕಿಂತ ಜೋಡಿ ಬೇರೊಂದಿಲ್ಲ.

ಇದೇ ಹೊತ್ತಿಗೆ ಕೆಂಬು, ಅಂದರೆ ಕೆಸ, ಎಲ್ಲೆಲ್ಲೂ ಎದ್ದಿರುತ್ತದೆ. ಹುಳಿ ಹಾಕದೆ ಬೇಯಿಸಿದರೆ ಗಂಟಲು ಕೆರೆಯುವುದು ಖಂಡಿತ. ಹಳೆಯ ಮರದ ಕವಲಿನಲ್ಲಿ ಬೆಳೆಯುವ ಮರಕೆಸ ಅಷ್ಟು ಕೆರೆಯುವುದಿಲ್ಲ.

ಕುಮ್ಮು: ಇಲ್ಲಿ ಅವಸರ ಮಾಡಬೇಡಿ

ಅಣಬೆಯ ವಿಷಯ ಉದ್ದ ಬರೆಯುತ್ತೇನೆ, ಯಾಕೆಂದರೆ ಉಳಿದವುಗಳಿಗಿಂತ ಇಲ್ಲಿ ತಪ್ಪಿನ ಬೆಲೆ ಹೆಚ್ಚು. ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

ಹೊಸಬರು ಒಂದೇ ಒಂದು ಗುಂಪನ್ನು ಕಲಿತರೆ ಸಾಕು. ಅದು ಗೆದ್ದಲಿನ ಹುತ್ತದಿಂದ ಏಳುವ ಅಣಬೆ. ಗೆದ್ದಲು ನೆಲದೊಳಗಿನ ಗೂಡಿನಲ್ಲಿ ಶಿಲೀಂಧ್ರವನ್ನು ಸಾಕುತ್ತದೆ. ಗುಡುಗು, ಮಳೆ ಆಗಿ ಮಧ್ಯೆ ಒಂದೆರಡು ದಿನ ಬಿಸಿಲು ಬಿದ್ದಾಗ ಅದೇ ಶಿಲೀಂಧ್ರ ನೆಲ ಸೀಳಿ ಮೇಲೆ ಬರುತ್ತದೆ. ಗೂಡು ಬದುಕಿದ್ದರೆ ವರ್ಷ ವರ್ಷವೂ ಅದೇ ಜಾಗ, ಹೆಚ್ಚುಕಡಿಮೆ ಅದೇ ವಾರ. ಅದಕ್ಕೇ ಕುಮ್ಮು ಏಳುವ ಜಾಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಗುರುತು ಹಿಡಿಯುವುದು ಹೀಗೆ. ಕೊಡೆಯ ನಡುನೆತ್ತಿಯಲ್ಲಿ ಬಣ್ಣ ಗಾಢವಾದ, ಗಟ್ಟಿಯಾದ ಮೊನೆ ಇರುತ್ತದೆ, ನೆಲವನ್ನು ತೂತು ಮಾಡಿ ಬರಲು ಅದೇ ಬೇಕು. ಬಿಚ್ಚಿಕೊಂಡಂತೆ ಕೊಡೆಯ ಅಂಚು ಸೀಳುತ್ತದೆ. ಕೆಳಗಿನ ಪದರುಗಳು ಬಿಳಿ, ಬಲಿತಂತೆ ತುಸು ಗುಲಾಬಿಗೆ ತಿರುಗುತ್ತವೆ. ದಂಟಿನ ಪಕ್ಕ ಬೆರಳಿನಿಂದ ಮಣ್ಣು ಬಿಡಿಸುತ್ತಾ ಹೋಗಿ: ದಂಟು ನೆಲದ ಮಟ್ಟದಲ್ಲಿ ನಿಲ್ಲುವುದಿಲ್ಲ, ಬೇರಿನ ಹಾಗೆ ಸಪುರವಾಗುತ್ತಾ ಗೇಣುಗಟ್ಟಲೆ ಕೆಳಗಿನ ಗೂಡಿನ ತನಕ ಇಳಿದಿರುತ್ತದೆ. ಈ ಬೇರು ಸಿಗಲಿಲ್ಲವಾದರೆ ಬಿಟ್ಟು ನಡೆಯಿರಿ. ನುಚ್ಚಕ್ಕಿ ಚೆಲ್ಲಿದಂತೆ ನೂರಾರು ಒಟ್ಟಿಗೆ ಏಳುವ ನುಚ್ಚಿ ಕುಮ್ಮು ಮಾತ್ರ ಇದಕ್ಕೆ ಹೊರತು, ಅದಕ್ಕೆ ಉದ್ದ ಬೇರಿಲ್ಲ. ಅದನ್ನು ಬಲ್ಲವರು ಕೈಹಿಡಿದು ತೋರಿಸುವ ತನಕ ಮುಟ್ಟಬೇಡಿ.

ದಂಟಿನ ಬುಡದಲ್ಲಿ ಮೊಟ್ಟೆಯ ಸಿಪ್ಪೆಯಂಥ ಚೀಲ ಇದ್ದರೆ ಅದು ಪ್ರಾಣ ತೆಗೆಯುವ ಜಾತಿ ಇರಬಹುದು. ನೆಲದ ಮಟ್ಟಕ್ಕೆ ಕೊಯ್ದು ತಂದರೆ ಈ ಚೀಲ ಮಣ್ಣಿನಲ್ಲೇ ಉಳಿದು ಗುರುತೇ ತಪ್ಪುತ್ತದೆ. ಹುಲ್ಲಿನ ಅಂಗಳದಲ್ಲಿ, ಗೊಬ್ಬರದ ಗುಂಡಿ ಬಳಿ ಏಳುವ ದೊಡ್ಡ ಬಿಳಿ ಅಣಬೆಯೂ ಮೋಸ ಮಾಡುತ್ತದೆ. ಅದರ ಕೊಡೆಯನ್ನು ಬಿಳಿ ಕಾಗದದ ಮೇಲೆ ರಾತ್ರಿ ಕವುಚಿಟ್ಟು ಬೆಳಗ್ಗೆ ನೋಡಿ, ಹಸಿರು ಪುಡಿ ಉದುರಿದ್ದರೆ ವಿಷದ್ದು.

ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಅರಿಸಿನ ಹಾಕಿದರೆ ವಿಷ ಹೋಗುತ್ತದೆ ಎಂಬ ಮಾತುಗಳನ್ನು ದಯವಿಟ್ಟು ನಂಬಬೇಡಿ. ಒಂದೂ ನಿಜವಲ್ಲ. ಕೆಟ್ಟ ಜಾತಿಯ ವಿಷ ಆರು ಗಂಟೆ ಕಳೆದ ಮೇಲೆ, ಕೆಲವು ಸಲ ಮರುದಿನ ವಾಂತಿ ಭೇದಿಯಾಗಿ ತೋರುತ್ತದೆ, ನಡುವೆ ವಾಸಿಯಾದಂತೆ ಕಂಡು ಆಮೇಲೆ ಲಿವರನ್ನು ಕೆಡಿಸುತ್ತದೆ. ಹಾಗಾಗಿ ಬೇಯಿಸುವ ಮೊದಲು ಒಂದು ಇಡೀ ಅಣಬೆ ತೆಗೆದಿಡಿ. ಅನುಮಾನ ಬಂದರೆ ಅದನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ, ಮಜ್ಜಿಗೆ ಕುಡಿದು ಕಾಯಬೇಡಿ.

ತರುವಾಗ ಹುತ್ತ ಅಗೆಯಬಾರದು. ಗುರುತು ಖಚಿತವಾದ ಮೇಲೆ ದಂಟನ್ನು ಮೆಲ್ಲ ತಿರುಗಿಸಿ ಎಳೆದರೆ ಸಾಕು. ಪೂರ್ತಿ ಅರಳಿದ ಕೆಲವನ್ನು ಅಲ್ಲೇ ಬಿಡಿ. ಮನೆಗೆ ತಂದ ದಿನವೇ ಬೇಯಿಸಿ, ಮಾರನೆಯ ದಿನಕ್ಕೆ ಇಟ್ಟರೆ ಹುಳ ಬರುತ್ತದೆ.

ಜುಲೈ, ಆಗಸ್ಟ್: ಕಳಲೆ

ಬಿದಿರು ನಿಮ್ಮ ಜಾಗದ್ದೇ ಆಗಿರಲಿ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಅರಣ್ಯದ ಹೊರಗೆ ಬೆಳೆದ ಬಿದಿರು ‘ಮರ’ದ ಪಟ್ಟಿಯಿಂದ ಹೊರಬಂತು. ಕಾಡಿನ ಬಿದಿರು ಮಾತ್ರ ಆನೆಯದು. ಅದರ ಕಳಲೆ ಮುರಿಯುವುದು ಕಾನೂನಿಗೂ ವಿರೋಧ, ಆನೆ ತೋಟಕ್ಕೆ ಇಳಿಯುವುದಕ್ಕೂ ಒಂದು ಕಾರಣ.

ಮೆಳೆಯಲ್ಲಿ ಮೊದಲು ಎದ್ದ ದಪ್ಪ ಕಳಲೆಗಳನ್ನು ಬಿಡಬೇಕು, ಮುಂದಿನ ಗಳ ಆಗುವುದು ಅವೇ. ಕೊನೆಗೆ ಏಳುವವು ಹೆಚ್ಚಾಗಿ ತಾವಾಗಿಯೇ ಸಾಯುತ್ತವೆ, ನಾವು ಕೊಯ್ಯಬೇಕಾದ್ದು ಅವನ್ನು. ಹೂ ಬಿಟ್ಟು ಸತ್ತ ಮೆಳೆಯ ಬೀಜದಿಂದ ಎದ್ದ ಎಳೆ ಮೆಳೆಯಿದ್ದರೆ ಕೆಲವು ವರ್ಷ ಕೈ ಹಾಕಬೇಡಿ.

ಒಂದೂವರೆ ಅಡಿ ಎತ್ತರ ಸರಿಯಾದ ಅಳತೆ. ಮೆಳೆಯೊಳಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಹಸಿರು ಮಂಡಲದ ಹಾವು ಅಲ್ಲಿ ಸುಮ್ಮನೆ ಸುತ್ತಿ ಕೂತಿರುತ್ತದೆ. ಬುಡದ ಗಟ್ಟಿ ಭಾಗ ಬಿಟ್ಟು ಕೊಯ್ಯಿರಿ. ಹೊರಗಿನ ಹಾಳೆಯ ಮೇಲೆ ಕಂದು ರೋಮವಿದೆ, ಚರ್ಮಕ್ಕೆ ತಾಗಿದರೆ ತುರಿಕೆ. ಆದ್ದರಿಂದ ಹಾಳೆಯನ್ನು ತೋಟದಲ್ಲೇ ಸುಲಿದುಬನ್ನಿ. ಒಳಗಿನ ಬೆಣ್ಣೆ ಬಣ್ಣದ ತಿರುಳನ್ನು ಚಾಕು ಎಲ್ಲಿಯ ತನಕ ಸಲೀಸಾಗಿ ಇಳಿಯುತ್ತದೋ ಅಲ್ಲಿಯ ತನಕ ಮಾತ್ರ ಬಳಸಿ.

ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಅದನ್ನು ಕಳೆಯುವ ಕ್ರಮ ನಮ್ಮ ಅಡುಗೆಮನೆಗಳಲ್ಲಿ ಮೊದಲಿನಿಂದ ಇದ್ದದ್ದೇ. ತೆಳ್ಳಗೆ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಎರಡು ದಿನ ಇಡಿ. ಬೆಳಗ್ಗೆ, ಸಂಜೆ ನೀರು ಬದಲಿಸಿ. ಮೂರನೆಯ ದಿನ ಹೊಸ ನೀರಿನಲ್ಲಿ ಮುಚ್ಚಳ ತೆರೆದು ಕುದಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಬೈಂಬಳೆ ಕರಿ ಮಾಡಿ. ನೆನೆಹಾಕಿದ ನೀರಿನ ವಾಸನೆ ಮೂಗಿಗೆ ಹೊಡೆಯುವುದು ಸಹಜ. ಹಸು, ಕರುಗಳಿಗೆ ಆ ನೀರು ಸಿಗದ ಹಾಗೆ ಚೆಲ್ಲಿ.

ಗದ್ದೆಯ ಏಡಿ

ನಾಟಿಯ ಹೊತ್ತಿಗೆ ಬದುವಿನ ತುಂಬ ಏಡಿಯ ಬಿಲ. ಬಾಯಲ್ಲಿ ಹಸಿ ಮಣ್ಣಿನ ಸಣ್ಣ ಸಣ್ಣ ಉಂಡೆ ಬಿದ್ದಿದ್ದರೆ ಒಳಗೆ ಏಡಿ ಇದೆ. ಬಾಯಿ ನಯವಾಗಿ, ಉಂಡೆಗಳಿಲ್ಲದೆ ಇದ್ದರೆ ಹಾವಿರಬಹುದು, ಕೈ ಹಾಕಬೇಡಿ. ಇದನ್ನು ಯರವರ ಹೆಂಗಸರಿಂದ ಕಲಿಯಬೇಕು. ಬೆರಳನ್ನು ಬಿಲದ ಮೇಲ್ಮೈಗೆ ಒತ್ತಿ ಜಾರಿಸುತ್ತಾ, ಏಡಿಯ ಬೆನ್ನು ತಾಗಿದ ಕೂಡಲೇ ಮೇಲಿನಿಂದ ಅದುಮಿ ಎಳೆಯುತ್ತಾರೆ. ಕೊಂಡಿಗೆ ಬೆರಳು ಸಿಗುವುದೇ ಇಲ್ಲ. ಕಲಿಯುವವರೆಗೆ ಸಂಜೆಯಾಗುವ ಮೊದಲು, ಹೊರಗೆ ಓಡಾಡುವ ಏಡಿಯನ್ನೇ ಹಿಡಿಯುವುದು ಒಳ್ಳೆಯದು.

ಹಿಡಿದದ್ದನ್ನು ತಿರುವಿ ಹೊಟ್ಟೆ ನೋಡಿ. ಹೊಟ್ಟೆಯ ಮುಚ್ಚಳ ಅಗಲವಾಗಿದ್ದರೆ ಹೆಣ್ಣು. ಮುಚ್ಚಳದ ಅಡಿ ಮೊಟ್ಟೆಯೋ ಹುರುಳಿಕಾಳಿಗಿಂತ ಚಿಕ್ಕ ಮರಿಗಳೋ ತುಂಬಿದ್ದರೆ ಅದೇ ಬಿಲದ ಬಳಿ ಬಿಟ್ಟುಬಿಡಿ. ಹೊಳೆಯ, ಗದ್ದೆಯ ಏಡಿಯನ್ನು ಅರೆಬೇಯಿಸಿ ತಿನ್ನಲೇಬಾರದು. ಅದರ ಮೈಯಲ್ಲಿರುವ ಒಂದು ಹುಳು ನಮ್ಮ ಶ್ವಾಸಕೋಶಕ್ಕೆ ಸೇರುತ್ತದೆ. ತರುವಾಗಲೇ ಸತ್ತ ಏಡಿಯನ್ನು ಎಸೆಯಿರಿ. ಮೆಣಸು, ತೆಂಗಿನಕಾಯಿ ಹಾಕಿದ ಞಂಡ್ ಕರಿಗೆ ಜೀವಂತ ಏಡಿಯೇ ಬೇಕು.

ಕಕ್ಕಡ ಹದಿನೆಂಟು

ಆಗಸ್ಟ್ 3ರ ಆಸುಪಾಸಿಗೆ ಕೊಡವ ತಿಂಗಳು ಕಕ್ಕಡದ 18ನೇ ದಿನ. ಮದ್ದು ಸೊಪ್ಪಿಗೆ ದಿನಕ್ಕೊಂದು ಔಷಧಿ ಸೇರುತ್ತಾ ಹದಿನೆಂಟನೆಯ ದಿನ ಹದಿನೆಂಟೂ ತುಂಬುತ್ತವೆ ಎನ್ನುವುದು ನಂಬಿಕೆ. ನೆರಳಿನಲ್ಲಿ, ಬೇಲಿಬದಿಯಲ್ಲಿ ಬೆಳೆಯುವ ಗಿಡ. ಎಲೆ ಮತ್ತು ಎಳೆ ಕಡ್ಡಿ ತೊಳೆದು ಜಜ್ಜಿ, ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ಬರುತ್ತದೆ. ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಸೇರಿಸಿದರೆ ಪಾಯಸ. ತುಪ್ಪ, ಜೇನು ಮೇಲಕ್ಕೆ. ಮಾರನೆಯ ದಿನ ಮೂತ್ರ ಕೆಂಪಾಗಿ ಹೋಗುತ್ತದೆ, ಮನೆಗೆ ಬಂದ ಹೊಸ ನೆಂಟರಿಗೆ ಇದನ್ನು ಮೊದಲೇ ತಿಳಿಸಿ.

ಇದೇ ಮಳೆಗೆ ಪಣಪುಳಿ ಉದುರುತ್ತದೆ, ಮಲೆನಾಡಿನ ಬೇರೆ ಕಡೆ ಉಪ್ಪಾಗೆ ಅನ್ನುತ್ತಾರೆ. ಕೊಂಬೆ ಕಡಿಯದೆ, ಬಿದ್ದ ಹಣ್ಣನ್ನು ಆರಿಸಿ. ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಟ್ಟರೆ ಹಣ್ಣು ಕೊಳೆಯುತ್ತಾ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಮಣ್ಣಿನ ಮಡಕೆಯಲ್ಲಿ ಸಣ್ಣ ಉರಿಯಲ್ಲಿ ಕಪ್ಪಗೆ, ಮಂದವಾಗುವ ತನಕ ಕಾಯಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಗಾಜಿನ ಬಾಟಲಿಯಲ್ಲಿಟ್ಟ ಕಾಚಂಪುಳಿ ವರ್ಷಗಟ್ಟಲೆ ಕೆಡುವುದಿಲ್ಲ. ಮುಂದೆ ಮೀನಿಗೆ ಇದು ಬೇಕು.

ಸೆಪ್ಟೆಂಬರ್: ಈಗ ಮೀನು

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಾಟಿ ಮುಗಿದಿರುತ್ತದೆ. ಮೊಟ್ಟೆ ಇಟ್ಟ ಮೀನು ಗದ್ದೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ ಇಳಿಯುವ ಕಾಲ ಇದು. ಮಳೆ ನಿಂತ ಮರುದಿನ, ಕೆಂಪು ನೀರು ತಿಳಿಯಾಗಿ ಚಹಾದ ಬಣ್ಣಕ್ಕೆ ಬಂದಾಗ ಗಾಳ ಹಾಕಿ.

ಸಲಕರಣೆ ಸರಳ ಇರಲಿ. ಆಳೆತ್ತರಕ್ಕಿಂತ ತುಸು ಉದ್ದದ ವಾಟೆ ಕೋಲು, ಟಂಗೂಸು ದಾರ, ಬೆಂಡು, ಸಣ್ಣ ಗಾಳ, ಎರೆಹುಳು. ಗಾಳದ ಮುಳ್ಳುಗಚ್ಚನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಬೇಡದ ಮೀನನ್ನು ಗಾಯವಿಲ್ಲದೆ ಬಿಡಬಹುದು. ಹರಿವಿನ ನಡುವೆ ಹಾಕಿದರೆ ಹುಳು ಕೊಚ್ಚಿ ಹೋಗುತ್ತದೆ. ಬಂಡೆಯ ಹಿಂದೆ ನೀರು ಸುತ್ತುವಲ್ಲಿ, ತೋಡು ಹೊಳೆಗೆ ಬೀಳುವ ಬಾಯಿಯಲ್ಲಿ, ಗುಂಡಿಯ ಬಾಲದಲ್ಲಿ ಹಾಕಿ. ಬೆಂಡು ಕುಣಿದರೆ ಸಣ್ಣ ಮೀನು ಕಚ್ಚಿ ನೋಡುತ್ತಿದೆ, ಕಾಯಿರಿ. ಬೆಂಡು ಓರೆಯಾಗಿ ಒಂದೇ ಸಮ ಮುಳುಗುತ್ತಾ ಹೋದರೆ ಎತ್ತಿ.

ತೋಡಿಗೆ ಬಿದಿರಿನ ಕೂಳಿ, ಅಂದರೆ ಮೀನು ಬೀಳುವ ಬುಟ್ಟಿ, ಇಡುವವರು ತೋಡಿನ ಅಗಲ ಪೂರ್ತಿ ಕಟ್ಟಬಾರದು, ಅರ್ಧ ಬಿಡಬೇಕು. ಕೂಳಿಯ ಬಾಯಿ ನೀರು ಇಳಿದು ಬರುವ ಕಡೆಗಿರಲಿ, ಇಳಿಯುವ ಮೀನು ಮಾತ್ರ ಬೀಳುವ ಹಾಗೆ. ಬೆಳಗ್ಗೆ ತೆಗೆಯಲು ಮರೆತರೆ ಒಳಗಿನದೆಲ್ಲ ಸತ್ತು ಹಾಳು.

ಗದ್ದೆಯಲ್ಲಿ, ಕೆರೆಯಲ್ಲಿ ಕೆಂಪು ಮರಿಗಳ ಗುಂಪು ಮೇಲೆದ್ದು ಗುಳುಗುಳು ಮಾಡುವುದು ಕಂಡರೆ ಕೆಳಗೆ ಕೊರವ ಮೀನು ಕಾವಲಿದೆ. ಅದನ್ನು ಹಿಡಿದರೆ ಇಡೀ ಗುಂಪನ್ನು ಬೇರೆ ಮೀನು ನುಂಗಿ ಮುಗಿಸುತ್ತವೆ. ಕಾವೇರಿಯಲ್ಲಿ ದೊಡ್ಡ ಹುರುಪೆಯ, ಕಿತ್ತಳೆ ಬಾಲದ ಮಹಶೀರ್ ಸಿಕ್ಕರೆ ನೀರಿನಿಂದ ಎತ್ತದೆ, ಒದ್ದೆ ಕೈಯಲ್ಲೇ ಗಾಳ ಬಿಡಿಸಿ ಕಳುಹಿಸಿ. ಬೆನ್ನಿಗೆ ಗೂನು ಇರುವ ಈ ಜಾತಿ ಕಾವೇರಿ ಕಣಿವೆಗಷ್ಟೇ ಸೇರಿದ್ದು. 2018ರಲ್ಲಿ ಇದನ್ನು ತೀರಾ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ವಾಲ್ನೂರಿನ ಹೊಳೆಯಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಈ ಮೀನಿಗಾಗಿ ವರ್ಷಗಳಿಂದ ಕಾವಲು ಕಾದಿದ್ದಾರೆ. ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ತಿರುಗಿ ಬಿಡಬೇಡಿ. ಇವು ಹೊರಗಿನಿಂದ ಬಂದು ನಮ್ಮ ಮೀನಿನ ಮರಿಗಳ ಜಾಗ ಕಸಿದುಕೊಂಡಿವೆ.

ಬ್ಲೀಚಿಂಗ್ ಪೌಡರ್, ಮೈಲುತುತ್ತ, ತೋಟೆ, ಕರೆಂಟಿನ ತಂತಿ: ಇವುಗಳಿಂದ ಹಿಡಿಯುವವರನ್ನು ನೋಡಿ ಸುಮ್ಮನಿರಬೇಡಿ. ತೋಟೆ, ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ಒಂದು ಗುಂಡಿಗೆ ಬ್ಲೀಚಿಂಗ್ ಪೌಡರ್ ಬಿದ್ದರೆ ಅಲ್ಲಿನ ಮರಿ, ಏಡಿ, ನೀರಹುಳು ಎಲ್ಲ ಸಾಯುತ್ತದೆ, ಕೆಳಗಿನ ಊರು ಕುಡಿಯುವ ನೀರೂ ಅದೇ. ಪಂಚಾಯಿತಿಗೂ ಪೊಲೀಸರಿಗೂ ಹೇಳಿ.

ಮನೆಗೆ ತಂದ ಮೀನಿಗೆ ಒಲೆಯ ಬೂದಿ ಹಾಕಿ ಒರಟು ಕಲ್ಲಿನ ಮೇಲೆ ತಲೆಯಿಂದ ಬಾಲಕ್ಕೆ, ಬಾಲದಿಂದ ತಲೆಗೆ ತಿಕ್ಕಿ. ಲೋಳೆ, ಹುರುಪೆ ಎರಡೂ ಹೋಗುತ್ತವೆ. ಮುರುಗೋಡು ಮೀನಾದರೆ ಮೊದಲು ಕಿವಿರಿನ ಪಕ್ಕದ ಮುಳ್ಳು ಮುರಿಯಿರಿ, ಚುಚ್ಚಿದರೆ ಗಂಟೆಗಟ್ಟಲೆ ಉರಿ. ಹೊಟ್ಟೆ ಸೀಳಿ ಕಪ್ಪು ಪೊರೆಯನ್ನು ಬೆರಳಿನಿಂದ ಕೆರೆದು ತೆಗೆಯದಿದ್ದರೆ ಕಹಿ ಉಳಿಯುತ್ತದೆ. ಉಪ್ಪು, ಅರಿಸಿನ, ಕುಟ್ಟಿದ ಕರಿಮೆಣಸು ಹಚ್ಚಿ ಅರ್ಧ ಗಂಟೆ ಇಡಿ. ಮಣ್ಣಿನ ಚಟ್ಟಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಹುರಿದ ಕೊತ್ತಂಬರಿ, ಜೀರಿಗೆ, ಸಾಸಿವೆಯ ಪುಡಿ ಸೇರಿಸಿ ನೀರು ಕುದಿಸಿ. ಆಮೇಲೆ ಮೀನು ಇಳಿಸಿ. ಸೌಟು ಆಡಿಸಬೇಡಿ, ಚಟ್ಟಿಯನ್ನೇ ಹಿಡಿದು ತಿರುಗಿಸಿ. ಇಳಿಸುವ ಎರಡು ನಿಮಿಷ ಮೊದಲು ಒಂದು ಚಿಕ್ಕ ಚಮಚ ಕಾಚಂಪುಳಿ ಸಾಕು, ಹೆಚ್ಚಾದರೆ ಮೀನಿನ ರುಚಿಯನ್ನೇ ನುಂಗುತ್ತದೆ. ಬೆಳಗ್ಗೆ ಮಾಡಿದ್ದನ್ನು ರಾತ್ರಿ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿನ ಜೊತೆ ಬಡಿಸಿ.